ಬನಹಟ್ಟಿಯ ಒಬ್ಬನೇ ಪ್ರಯಾಣಿಕ

“ಇವನ ತಲ್ಯಾಗ ಲಾಳಿ ಒಗದ್ರ ಒಂದ ಎಳಿಗೂ ತಾಗದ ಆಚಿ ಕಿವಿಯಿಂದ ಹೊರಗ ಬರತೈತಿ. ಇಂವಾ ರೈಲ್ವೆ ಸಾಹೇಬ್ರ ಜೋಡಿ ಮಾತಾಡಾಂವಂತ.”

ಗಿರಿಮಲ್ಲಪ್ಪ ಸಾವಕಾರರು ಹೀಗಂದದ್ದು ಮನೆಯ ಒಳಗಲ್ಲ, ನಾಲ್ಕು ಊರಿನ ಅರವತ್ತು ಮಂದಿಯ ಎದುರಿಗೆ. ಬನಹಟ್ಟಿಯಲ್ಲಿ ಅವರ ಮಗ್ಗದ ಶೆಡ್ಡಿನ ಅಂಗಳದಲ್ಲಿ ಆವತ್ತು ಬೆಳಿಗ್ಗೆ ‘ಪ್ಯಾಸೆಂಜರ್ ಗಾಡಿ ಮರಳಿ ತರುವ ಸಮಿತಿ’ಯ ಸಭೆ ಕೂಡಿತ್ತು. ಅಧ್ಯಕ್ಷರು ಸಾವಕಾರರೇ. ಜಮಖಂಡಿಯವರು ನಕ್ಕರು, ಮುಧೋಳದವರು ನಕ್ಕರು, ಏನು ಅಂದರೆಂದು ಕೇಳಿಸದ ಬೀಳಗಿಯವರೂ ನಕ್ಕರು.

ಮಾತು ಬಿದ್ದದ್ದು ಶೆಡ್ಡಿನ ನೇಕಾರ ದುರಗೇಶನ ಮೇಲೆ. ಅವನು ನಗಲಿಲ್ಲ. ಅವನು ಕೇಳಿದ್ದಾದರೂ ಏನು? ಸಂಜೆ ಗಾಡಿ ನಿಂತು ಐದು ವರ್ಷವಾಯಿತು, ಇವತ್ತು ರೈಲ್ವೆ ಸಾಹೇಬರು ಬಂದಾಗ ದುಡಿಯುವ ಮಂದಿಯ ಪೈಕಿ ಒಬ್ಬರು ಎದ್ದು ಎರಡು ಮಾತು ಹೇಳಲಿ ಅಂದಿದ್ದ, ಅಷ್ಟೇ. ಆರನೇ ಕ್ಲಾಸಿಗೆ ಸಾಲಿ ಬಿಟ್ಟವನಿಗೆ ಬಾಯಿ ಇರಬಾರದೆಂದು ಎಲ್ಲಿ ಬರೆದಿದೆ? ಇಪ್ಪತ್ನಾಲ್ಕರ ರಕ್ತ ಕಿವಿಯ ತನಕ ಏರಿತು. ಆದರೆ ಬಾಯಿಗೆ ಬಂದದ್ದನ್ನು ನುಂಗಿದ. ಸೋಮವಾರದಿಂದ ಅವನನ್ನು ಜಾಬರ್ ಮಾಡುತ್ತೇನೆಂದು ಸಾವಕಾರರು ಮಾತು ಕೊಟ್ಟಿದ್ದರು. ಜಾಬರ್ ಅಂದರೆ ಕೆಟ್ಟ ಮಗ್ಗ ರಿಪೇರಿ ಮಾಡುವವ. ದಿನವಿಡೀ ಮಗ್ಗದ ಮುಂದೆ ಕಂಬದ ಹಾಗೆ ನಿಲ್ಲುವ ಎಂಟು ವರ್ಷದ ವನವಾಸ ಅಲ್ಲಿಗೆ ಮುಗಿಯುತ್ತಿತ್ತು.

“ಹಾರ ಬೇಕಾದ್ರ ಇವನ ಕೈಯಾಗ ಕೊಡ್ರಿ,” ಅಂದರು ಸಾವಕಾರರು. “ಕೊಳ್ಳಿಗೆ ಹಾರ ಹಾಕಾಕ ಸಾಲಿ ಕಲತಿರಬೇಕಂತ ಏನಿಲ್ಲ.”

ಆಮೇಲೆ ಸಮಿತಿಯ ಕಾರ್ಯದರ್ಶಿ ಶಂಕರೆಪ್ಪ ಮಾಸ್ತರರು ರೈಲ್ವೆಯಿಂದ ಬಂದ ಕಾಗದ ಓದಿದರು. “ಇವತ್ತ ನಾಕ ಗಂಟೆಕ ಬರೋ ಸಾಹೇಬ್ರು ಹೊಸಬರಲ್ಲ. ಮೊದಲ ಇದ ಗಾಡ್ಯಾಗ ಟಿ.ಸಿ. ಇದ್ರು. ನಮ್ಮ ಭಾಗದ ಪ್ರಯಾಣಿಕರ ಪರಿಚಯ ಅವರಿಗೆ ಚೆನ್ನಾಗಿ ಐತಿ.” ಓದುತ್ತ ಓದುತ್ತ ಮಾಸ್ತರರ ದನಿ ಯಾಕೋ ಸಣ್ಣದಾಯಿತು.

ಟಿ.ಸಿ. ಅಂದದ್ದೇ ದುರಗೇಶ ಮುಂದಿನ ಸಾಲಿನಿಂದ ಹಿಂದಕ್ಕೆ ಸರಿದು ಕೂತ.

ಐದು ವರ್ಷದ ಹಿಂದೆ ಹೊಳೆಯಾಚೆಯ ಸ್ಟೇಷನ್ನಿನಲ್ಲಿ ಅವನು ಅದೇ ಗಾಡಿ ಹತ್ತಿದ್ದ. ಟಿಕೆಟ್ ತೆಗೆಸಿರಲಿಲ್ಲ. ಕರಿಕೋಟಿನ ಟಿ.ಸಿ. ಬಂದು “ಹೆಸರು? ಊರು?” ಅಂದಾಗ ಸ್ವಂತ ಹೆಸರು ಹೇಳಲು ಅಂಜಿದ. ತೊಡೆಯ ಮೇಲೆ ಕೈಚೀಲವಿತ್ತು. ಸಾವಕಾರರ ಜವಳಿ ಅಂಗಡಿಯವರು ದೀಪಾವಳಿಗೆ ಊರಿಗೆಲ್ಲ ಪುಕ್ಕಟೆ ಹಂಚಿದ ಚೀಲ. ಅದರ ಮೇಲೆ ಬರೆದಿದ್ದನ್ನೇ ಓದಿಬಿಟ್ಟ: “ಗಿರಿಮಲ್ಲಪ್ಪ, ಬನಹಟ್ಟಿ.” ಟಿ.ಸಿ. ಬರೆದುಕೊಂಡು, ನಾಲ್ಕು ಬುದ್ಧಿಮಾತು ಹೇಳಿ, ಮುಂದಿನ ಸ್ಟೇಷನ್ನಿನಲ್ಲಿ ಇಳಿಸಿದ್ದ.

ಈಗ ಆ ಮನುಷ್ಯನ ಕೊರಳಿಗೆ ಇದೇ ಕೈಯಿಂದ ಹಾರ ಹಾಕಬೇಕು. ಪಕ್ಕದಲ್ಲೇ ಖರೆ ಗಿರಿಮಲ್ಲಪ್ಪ ನಿಂತಿರುತ್ತಾರೆ. ಗುರುತು ಸಿಕ್ಕರೆ ಜಾಬರ್ ಕೆಲಸ ಹೋಯಿತು, ಮಗ್ಗವೂ ಹೋಯಿತು.

ಪಕ್ಕದ ಮಗ್ಗದ ಗಂಗಾರಾಮನ ಹತ್ತಿರ ಓಡಿದ. “ಗಂಗಾರಾಮಣ್ಣಾ, ಹಾರ ನೀ ಹಾಕೋ. ನನಗ ಹೊಟ್ಟಿ ಕಡ್ಯಾಕತ್ತೈತಿ.”

ಗಂಗಾರಾಮ ಹಾವು ಕಂಡವನ ಹಾಗೆ ಹಿಂದೆ ಸರಿದ. “ನನಗ ಹೂವಿನ ವಾಸನಿ ಆಗೂದಿಲ್ಲೋ ಮಾರಾಯಾ. ಸೀನ ಹತ್ತತಾವು.” ದಿನಾ ಕಿವಿಗೆ ಸೇವಂತಿಗೆ ಸಿಕ್ಕಿಸಿಕೊಂಡು ಕೆಲಸಕ್ಕೆ ಬರುವ ಗಂಗಾರಾಮ ಹೇಳಿದ ಮಾತಿದು.

ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ತಾರವ್ವ ಹೊಟ್ಟೆನೋವಿನ ಸುದ್ದಿ ಕೇಳಿ ಬಿಟ್ಟಾಳೆಯೇ? ಹಿಡಿ ಅಜವಾನಕ್ಕೆ ಉಪ್ಪು ಬೆರೆಸಿ ತಂದಳು. “ಬಾಯಿ ತಗಿಯಲೇ. ಐದ ನಿಮಿಷದಾಗ ಕುದರಿ ಆಗ್ತಿ.” ಬಾಯಿಗೆ ತುರುಕಿ, ಗಲ್ಲ ಹಿಡಿದು ನುಂಗಿಸಿದಳು. “ಹಾರ ನೀನ ಹಾಕಬೇಕ ನೋಡಪಾ. ನಾ ಅಂತೂ ಸೆರಗ ಮುಚಗೊಂಡ ಹಿಂದ ಕೂಡ್ತೇನಿ. ಬಿಸಲಿಗೆ ನನ್ನ ಕಣ್ಣ ಉರೀತಾವು.”

ಹೊಟ್ಟೆ ಸುಮ್ಮನಿದ್ದದ್ದು ಈಗ ಖರೇನೇ ಕಡಿಯತೊಡಗಿತು.

ಉಳಿದದ್ದು ಒಂದೇ ದಾರಿ, ಮುಖ ಬದಲಿಸುವುದು. ಕ್ಷೌರದಂಗಡಿಗೆ ಹೋದರೆ ಎರಡೂ ಕುರ್ಚಿ ತುಂಬಿದ್ದವು. ಕೂತವರು ಸಮಿತಿಯ ಇಬ್ಬರು ಹಿರಿಯರು. ಇಬ್ಬರ ಮೀಸೆಯೂ ನೆಲದ ಮೇಲಿತ್ತು. ದುರಗೇಶನನ್ನು ಕಂಡದ್ದೇ ಕನ್ನಡಿಯಲ್ಲಿನ ಎರಡೂ ಮುಖ ಬೇರೆ ಕಡೆ ನೋಡಿದವು.

“ಇವತ್ತ ಊರಿನ ಮೀಸಿಗೆ ಏನರ ಬ್ಯಾನಿ ಬಂದೈತೇನೋ,” ಅಂದ ಕ್ಷೌರಿಕ. “ನೀ ಆರನೇದಾಂವ ನೋಡು.”

ಕತ್ತಿ ಓಡಿತು. ದುರಗೇಶ ಕನ್ನಡಿ ನೋಡಿದ. ಐದು ವರ್ಷದ ಹಿಂದೆ ಅವನಿಗೆ ಮೀಸೆಯೇ ಇರಲಿಲ್ಲವಲ್ಲ. ಗಾಡಿಯಲ್ಲಿ ಸಿಕ್ಕಿಬಿದ್ದ ಹತ್ತೊಂಬತ್ತರ ಹುಡುಗ ಇದ್ದಕ್ಕಿದ್ದ ಹಾಗೆ ಎದ್ದು ಬಂದು ಎದುರಿಗೆ ಕೂತಿದ್ದ.

“ತಿರುಗಿ ಹಚ್ಚಾಕ ಬರತೈತೇನೋ?”

“ಬರತೈತಿ. ಒಂದ ತಿಂಗಳ ಬಿಟ್ಟ ಬಾ.”

ನಾಲ್ಕಕ್ಕೆ ಸರಿಯಾಗಿ ಶೆಡ್ಡಿನ ಅಂಗಳಕ್ಕೆ ಜೀಪು ಬಂತು. ಸಾಹೇಬರು ಇಳಿದರು. ಕರಿಕೋಟು ಇರಲಿಲ್ಲ, ಕಣ್ಣು ಮಾತ್ರ ಅವೇ, ಮನುಷ್ಯನನ್ನು ಮಡಚಿ ಟಿಕೆಟ್ ಹುಡುಕುವಂಥವು. ಶಂಕರೆಪ್ಪ ಮಾಸ್ತರರು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಮೂಗಿನ ತನಕ ಮಫ್ಲರ್ ಸುತ್ತಿಕೊಂಡು ಸ್ವಾಗತ ಓದಿದರು. ದುರಗೇಶ ಹಾರ ಎತ್ತಿದ. ಮುಖ ಆಚೆ ತಿರುಗಿಸಿಕೊಂಡೇ ಹಾಕಲು ಹೋಗಿ ಅರ್ಧ ಹೂವು ಸಾಹೇಬರ ಬೂಟಿನ ಮೇಲೆ ಉದುರಿಸಿದ.

ಸಾಹೇಬರು ಅವನ ಮುಖವನ್ನೇ ನೋಡಿದರು. “ನಿಮ್ಮನ್ನ ಎಲ್ಲೋ ನೋಡೇನಲ್ಲ. ಹೆಸರೇನು?”

“ದು... ದುರಗೇಶ್ರಿ.”

“ಅಲ್ಲ, ಬ್ಯಾರೆ ಏನೋ ಇತ್ತು,” ಅಂದು ತಲೆ ಕೆರೆದುಕೊಂಡು ಕೂತರು. ದುರಗೇಶ ಅಲ್ಲಿಂದ ಮುಂದೆ ಉಸಿರಾಡಿದ್ದು ಬರೀ ಮೂಗಿನ ಒಂದು ಹೊಳ್ಳೆಯಿಂದ.

ಸಾಹೇಬರು ದಪ್ಪ ಪುಸ್ತಕ ತೆರೆದರು. “ಬನಹಟ್ಟಿ ಭಾಗದಿಂದ ದಿನಾ ಇನ್ನೂರ ಮಂದಿ ಹೋಗತಿದ್ರು ಅಂತ ಅರ್ಜ್ಯಾಗ ಬರದೀರಿ. ಟಿಕೆಟ್ ನೋಡಿದ್ರ ಯಾರೂ ಹೋಗಿಲ್ಲ. ಇರಲಿ ಅಂತ ನಮ್ಮ ತನಿಖಿ ಪುಸ್ತಕ ತಗದೆ. ಅದರಾಗ ಒಬ್ಬರು ಸಿಕ್ಕಾರ. ಎರಡ ವರ್ಷದಾಗ ಟಿಕೆಟ್ ಇಲ್ಲದ ನಲವತ್ತಮೂರ ಸಲ ಹೋಗ್ಯಾರ. ಗಿರಿಮಲ್ಲಪ್ಪ, ಬನಹಟ್ಟಿ.”

ಹುಟ್ಟಿದಾಗಿನಿಂದ ರೈಲು ಹತ್ತದೆ ಕಾರಿನಲ್ಲೇ ತಿರುಗಿದ ಸಾವಕಾರರು ಕುರ್ಚಿಯಿಂದ ಅರ್ಧ ಎದ್ದು ಹಾಗೇ ನಿಂತರು.

“ಒಂದ ದಿನಾ ಹೋಗೋ ಗಾಡ್ಯಾಗೂ ಬರೋ ಗಾಡ್ಯಾಗೂ ಒಂದ ಹೊತ್ತಿಗೆ ಸಿಕ್ಕಾರ,” ಸಾಹೇಬರು ಓದುತ್ತಲೇ ಇದ್ದರು. “ವಯಸ್ಸು ಹತ್ತೊಂಬತ್ತರಿಂದ ಅರವತ್ತರ ತನಕಾ ಐತಿ. ಒಂದ ಸಲ ಸೀರಿ ಉಟ್ಟಿದ್ರು ಅಂತ ನಾನ ಬರದೇನಿ. ಈಗ ನೀವ ಹೇಳ್ರಿ, ಒಬ್ಬರ ಸಲುವಾಗಿ ಗಾಡಿ ಬಿಡಾಕ ಬರತೈತೇನು?”

ಸಾವಕಾರರ ಮುಖ ಬಣ್ಣ ಹಾಕುವ ಕಡಾಯಿಯ ಹಾಗೆ ಕುದಿಯುತ್ತಿತ್ತು. ಆದರೆ ವ್ಯಾಪಾರಿಯ ತಲೆ, ಬೇಗ ತಣ್ಣಗಾಯಿತು. “ಯಾರ್ಯಾರು ನನ್ನ ಹೆಸರ ಹೇಳೀರಿ, ಎದ್ದ ನಿಂದರ್ರಿ. ನಾ ಏನೂ ಅನ್ನೂದಿಲ್ಲ. ನಲವತ್ತಮೂರ ಮಂದಿ ಎದ್ರ ನಲವತ್ತಮೂರ ಪ್ರಯಾಣಿಕರು ಇದ್ರು ಅಂತ ಆತು. ಗಾಡಿ ಬರತೈತಿ.”

ದುರಗೇಶ ಸುತ್ತ ನೋಡಿದ. ಬೋಳು ಮೇಲ್ದುಟಿಗಳು. ಮಾಸ್ತರರ ಮಫ್ಲರು. ಕಂಬದ ಹಿಂದೆ ಗಂಗಾರಾಮ. ಸೆರಗಿನೊಳಗೆ ತಾರವ್ವ. ಬೆಳಗಿನಿಂದ ಎದೆಯ ಮೇಲೆ ಕೂತಿದ್ದ ಗಿರಣಿ ಕಲ್ಲು ಸರಕ್ಕನೆ ಉರುಳಿತು. ತಾನೊಬ್ಬನೇ ಅಲ್ಲ! ಎಲ್ಲರಿಗಿಂತ ಮೊದಲು ಎದ್ದ.

“ಅದರಾಗ ಒಬ್ಬಾಂವ ನಾನ್ರಿ ಸಾವಕಾರ್ರ,” ಅಂದ. ಉಳಿದವರು ಏಳಲೆಂದು ಕಾದ.

ಯಾರೂ ಏಳಲಿಲ್ಲ.

“ಅಯ್ಯ ತಮ್ಮಾ,” ಮಫ್ಲರಿನೊಳಗಿಂದ ಮಾಸ್ತರರ ದನಿ ಬಂತು, “ನಲವತ್ತಮೂರ ಸಲ ಹೆಂಗ ಹೋದ್ಯೋ?”

“ಒಂದ ಹೊತ್ತಿಗೆ ಎರಡೂ ಗಾಡಿ ಹತ್ಯಾನಲ್ಲ, ಅದನ್ನ ಕೇಳ್ರಿ,” ಅಂದ ಗಂಗಾರಾಮ.

ಹಿಂದಿನಿಂದ ತಾರವ್ವ, “ಸೀರಿ ಯಾರದು ಉಟ್ಟಿದ್ಯೋ ಹುಡುಗಾ, ನಿಮ್ಮವ್ವಂದೇನು?”

ನಾಲ್ಕೂರಿನ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದಿದ್ದವರು ಇಬ್ಬರೇ. ಒಬ್ಬರು ಸಾವಕಾರರು. “ಸೋಮವಾರದಿಂದ ಗಂಗಾರಾಮ ಜಾಬರ್,” ಅಂದರು. ಇನ್ನೊಬ್ಬರು ಸಾಹೇಬರು. ಪೆನ್ನು ತೆಗೆದು, “ಪ್ರಯಾಣಿಕ ಒಬ್ಬನ ಇದ್ದ ಅಂತ ಖಾತ್ರಿ ಆತು. ಗಾಡಿ ಬ್ಯಾಡ,” ಎಂದು ಬಾಯಲ್ಲಿ ಹೇಳುತ್ತಲೇ ಬರೆದರು.

ದುರಗೇಶನ ನಾಲಿಗೆಯ ತುದಿಗೆ ಎಲ್ಲರ ಹೆಸರೂ ಬಂದು ಸಾಲಾಗಿ ನಿಂತವು. ಹೇಳಿದರೆ ನಂಬುವವರು ಯಾರು? ನಾಳೆ ಇದೇ ಓಣಿಯಲ್ಲಿ ಉಸಿರಾಡಬೇಕಾದವನು ಅವನೇ. ಚಪ್ಪಲಿ ಮೆಟ್ಟಿ ಗೇಟಿನ ಕಡೆ ತಿರುಗಿದ.

“ಗಿರಿಮಲ್ಲಪ್ಪನವರ,” ಹಿಂದಿನಿಂದ ಸಾಹೇಬರು ಕೂಗಿದರು, “ಇಲ್ಲೊಂದ ಸಹಿ ಮಾಡಿ ಹೋಗ್ರಿ.”

ಕರೆದದ್ದು ಯಾವ ಗಿರಿಮಲ್ಲಪ್ಪನನ್ನು ಅಂತ ಅವನು ತಿರುಗಿ ನೋಡಲಿಲ್ಲ. ಓಣಿ ಹಿಡಿದು ನಡೆದುಬಿಟ್ಟ.