ಅತ್ತೆಯ ಕೈಚೀಲದ ಕ್ಲಾಸು

ನಮ್ಮ ಅತ್ತೆಯ ಎದುರಿಗೆ ಒಳ್ಳೆಯ ಬಟ್ಟೆ ಹಾಕಿಕೊಂಡು ಹೆಚ್ಚು ಹೊತ್ತು ನಿಲ್ಲಬಾರದು. ನಿಮ್ಮ ಮಾತನ್ನು ಅವರು ಗಮನವಿಟ್ಟು ಕೇಳುತ್ತಿದ್ದಾರೆ ಎಂದು ನೀವು ಅಂದುಕೊಂಡಿರುತ್ತೀರಿ. ಅಷ್ಟರಲ್ಲಿ ಅವರು ಮನಸ್ಸಿನಲ್ಲೇ ನಿಮ್ಮ ಸೆರಗನ್ನು ಉದ್ದುದ್ದ ಪಟ್ಟಿಗಳಾಗಿ ಹರಿದು ಮುಗಿಸಿರುತ್ತಾರೆ.

ಒಮ್ಮೆ ಜಯನಗರದ ತರಕಾರಿ ಅಂಗಡಿಯಲ್ಲಿ ಗುರುತಿಲ್ಲದ ಒಬ್ಬರನ್ನು ತಡೆದು ನಿಲ್ಲಿಸಿದರು.

"ಸಾರ್, ಈ ಶರ್ಟ್ ಹಳೇದಾದ್ಮೇಲೆ ಏನ್ಮಾಡ್ತೀರ?"

"ಮೊನ್ನೆ ತಾನೆ ತಗೊಂಡಿದ್ದು ಮೇಡಂ."

"ಪರವಾಗಿಲ್ಲ, ಕಾಯ್ತೀನಿ."

ಆತ ಬದನೆಕಾಯಿಯನ್ನು ಅಲ್ಲೇ ಬಿಟ್ಟು ಹೊರಟುಹೋದರು.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ಕುಮಾರಸ್ವಾಮಿ ಲೇಔಟಿನಲ್ಲಿ ತಮ್ಮ ಮನೆಯ ಮಹಡಿಯ ಮೇಲೆ ಕೈಚೀಲ ಮಾಡುವುದನ್ನು ಕಲಿಸುತ್ತಾರೆ. ಹಳೆಯ ಬಟ್ಟೆಯನ್ನು ಪಟ್ಟಿಗಳಾಗಿ ಹರಿದು, ಜಡೆಯಂತೆ ಹೆಣೆದು, ಆ ಜಡೆಯನ್ನು ಸುರುಳಿ ಸುತ್ತಿ ಹೊಲಿಯುತ್ತಾ ಹೋದರೆ ಚೀಲ. ಹೇಳುವುದು ಸುಲಭ. ಮುಗಿದ ಚೀಲಕ್ಕೆ ಅವರು ತೆಂಗಿನಕಾಯಿ ತುಂಬಿ ಜೋರಾಗಿ ಬೀಸಿ ನೋಡುತ್ತಾರೆ. ಬಿಟಿಎಂ ಲೇಔಟಿನಿಂದ ಬರುವ ಹುಡುಗಿಯೊಬ್ಬಳ ಚೀಲದ ತಳ ಬಿಟ್ಟು, ಒಂದು ಕಾಯಿ ಮೆಟ್ಟಿಲಿಳಿದು ಹೋಗಿ ಕೆಳಗಿನ ಬಾಡಿಗೆಯವರ ಬಾಗಿಲು ಬಡಿಯಿತು. ಅವರು ಬಾಗಿಲು ತೆರೆದು, ಯಾರೂ ಕಾಣದೆ, ಕಾಯಿ ಎತ್ತಿಕೊಂಡು ಒಳಗೆ ಹೋದರಂತೆ. ಮಧ್ಯಾಹ್ನ ಅತ್ತೆಗೆ ಅವರ ಮನೆಯಿಂದ ಒಂದು ಬಟ್ಟಲು ಚಟ್ನಿ ಬಂತು.

ಇಂಥವರ ಜೊತೆ ನನ್ನ ಅಮ್ಮ ಮಾತು ಬಿಟ್ಟಿದ್ದಳು. ಅದಕ್ಕೆ ಕಾರಣವಿತ್ತು. ನಮ್ಮ ಮನೆಯಿಂದ ಅತ್ತೆ ಒಯ್ದ ಹಳೆಯ ಬಟ್ಟೆಯ ಗಂಟಿನಲ್ಲಿ ಅಮ್ಮನ ತವರಿನ ಕಡುಹಸಿರು ರೇಷ್ಮೆ ಸೀರೆಯೂ ಹೇಗೋ ಸೇರಿಕೊಂಡಿತ್ತು. ಅಮ್ಮ ಹುಡುಕಿಕೊಂಡು ಹೋಗುವ ಹೊತ್ತಿಗೆ ಅದು ಅರ್ಧ ಜಡೆಯಾಗಿತ್ತು.

"ಅಂಚು ಹರಿದಿತ್ತು ಅತ್ತಿಗೆ. ಕೊಟ್ಟಿದ್ದೀರ ಅಂದ್ಕೊಂಡೆ."

"ಒಂದ್ಮಾತು ಕೇಳೋಕೆ ಆಗ್ಲಿಲ್ವಾ ನಿಂಗೆ?"

ಅಷ್ಟೇ ಮಾತು. ಅತ್ತೆ ಅದೇ ಸೀರೆಯಿಂದ ಚೀಲ ಮಾಡಿ ಕಳಿಸಿದರು. ಅಮ್ಮ ಅದನ್ನು ಬಿಚ್ಚಿಯೂ ನೋಡದೆ ನನ್ನ ಕೈಯಲ್ಲೇ ವಾಪಸ್ಸು ಕಳಿಸಿದಳು. ಅಪ್ಪ ತೀರಿಕೊಂಡಾಗಲೂ ಇಬ್ಬರೂ ಒಂದೇ ಕೋಣೆಯಲ್ಲಿ ಬೇರೆ ಬೇರೆ ಗೋಡೆಗೆ ಒರಗಿ ಕೂತು ಅತ್ತರು.

ವರ್ಷಗಳು ಕಳೆದು ಅಮ್ಮನಿಗೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ಮುಖಗಳು. ಕೈಗಳು ಮಾತ್ರ ಸುಮ್ಮನಿರುತ್ತಿರಲಿಲ್ಲ. ದಿನವೆಲ್ಲ ಸೆರಗಿನ ಎಳೆ ಕೀಳುತ್ತಾ, ಬೆರಳ ತುದಿ ಕೆಂಪಾದರೂ ಬಿಡುತ್ತಿರಲಿಲ್ಲ. ಬಿಡಿಸಲು ಹೋದರೆ ಅಳುತ್ತಿದ್ದಳು. ಡಾಕ್ಟರ ಬಳಿ ಹೋಗಿ ಬಂದ ಸಂಜೆ, ಯಾರಿಗೆ ಹೇಳಿಕೊಳ್ಳುವುದೆಂದು ತಿಳಿಯದೆ ಅತ್ತೆಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ಅವರು ಬಸ್ಸಿನಲ್ಲಿ ಬಂದು, ದೊಡ್ಡ ಚೀಲ ಹೊತ್ತುಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದರು.

ಬೈಗುಳ ತಿನ್ನಲು ಸಿದ್ಧರಾಗಿಯೇ ಬಂದಿದ್ದರೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಮ್ಮ ತಲೆಯೆತ್ತಿ, "ಬನ್ನಿ, ಕೂತ್ಕೊಳ್ಳಿ. ಯಾರ ಮನೆಯವರು ನೀವು?" ಎಂದಳು. ಹಿಂದೆ ಅತ್ತೆಯನ್ನು ಹೆಸರು ಹಿಡಿದು ಏಕವಚನದಲ್ಲಿ ಕರೆಯುತ್ತಿದ್ದವಳು. ಬೈದಿದ್ದರೇ ಅತ್ತೆಗೆ ಹಿತವಾಗಿರುತ್ತಿತ್ತೋ ಏನೋ. ಚೀಲವನ್ನು ಕೆಳಗಿಟ್ಟು, "ಕ್ಲಾಸ್ ತಗೋತೀನಮ್ಮ, ಚೀಲ ಮಾಡೋದು ಹೇಳ್ಕೊಡ್ತೀನಿ" ಎಂದರು. ಮೂರು ಪಟ್ಟಿಗಳ ತುದಿ ಕಟ್ಟಿ ಅಮ್ಮನ ಕೈಗಿತ್ತರು.

ಅಮ್ಮ ಹೆಣೆಯತೊಡಗಿದಳು. ಸಡಿಲವಿಲ್ಲ, ಬಿಗಿಯಿಲ್ಲ, ಒಂದೇ ಸಮ. ಊಟದ ಹೊತ್ತಿನವರೆಗೂ ಸೆರಗಿನ ಕಡೆ ಕೈ ಹೋಗಲಿಲ್ಲ.

ಆಮೇಲೆ ಅತ್ತೆ ದಿನ ಬಿಟ್ಟು ದಿನ ಬರತೊಡಗಿದರು. ಅಮ್ಮ ಅವರನ್ನು ಟೀಚರ್ ಎಂದು ಕರೆದಳು. ಅಮ್ಮ ಹೆಣೆದ ಜಡೆಗಳನ್ನು ಅತ್ತೆ ಮಹಡಿಯ ಕ್ಲಾಸಿಗೆ ಒಯ್ದು, "ನಮ್ಮ ಅತ್ತಿಗೆ ಕೈಕೆಲ್ಸ, ಹಿಂಗಿರ್ಬೇಕು" ಎಂದು ಎಲ್ಲರ ಮುಂದೆ ಹಿಡಿಯುತ್ತಿದ್ದರಂತೆ. ಅವರು ಇನ್ನೊಬ್ಬರ ಕೆಲಸವನ್ನು ಹೊಗಳಿದ್ದು ಅದೇ ಮೊದಲು ಎಂದು ಬಿಟಿಎಂ ಹುಡುಗಿ ನನಗೆ ಹೇಳಿದಳು.

ಮೊನ್ನೆ ಅತ್ತೆಗೆ ಜ್ವರ. ಬರಲಿಲ್ಲ. ಅಮ್ಮ ತಲೆ ಬಾಚಿಕೊಂಡು ಬಾಗಿಲ ಬಳಿ ಕೂತೇ ಇದ್ದಳು.

"ಟೀಚರ್‌ಗೆ ಹುಷಾರಿಲ್ಲಮ್ಮ."

"ಹಂಗಾದ್ರೆ ನಾವೇ ಹೋಗ್ಬೇಕು" ಎಂದು ಚಪ್ಪಲಿ ಹುಡುಕಿದಳು.

ಆಟೋದಲ್ಲಿ ಕರೆದುಕೊಂಡು ಹೋದೆ. ಅತ್ತೆ ಕೆದರಿದ ತಲೆಯಲ್ಲೇ ಮಂಚದ ಮೇಲೆ ಎದ್ದು ಕೂತರು. ಅಮ್ಮ ಅವರ ಹಣೆ ಮುಟ್ಟಿ ನೋಡಿದಳು. ಆಮೇಲೆ, ಯಾರನ್ನೂ ಕೇಳದೆ, ಹಿಂದೆ ಕೂತು ಅವರ ನರೆತ ಕೂದಲನ್ನು ಮೂರು ಭಾಗ ಮಾಡಿ ಹೆಣೆಯತೊಡಗಿದಳು.

ಅತ್ತೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: "ನಿಮ್ಮಮ್ಮ ಮದುವೆಯಾಗಿ ಬಂದಾಗ ನಾನಿನ್ನೂ ಸ್ಕೂಲು. ನಮ್ಮಮ್ಮ ಇರ್ಲಿಲ್ವಲ್ಲ. ದಿನಾ ಇವರೇ ನಂಗೆ ಜಡೆ ಹಾಕ್ತಿದ್ದಿದ್ದು."

"ಮಾತಾಡ್ಬೇಡ, ತಲೆ ನೆಟ್ಟಗಿಟ್ಕೋ" ಎಂದಳು ಅಮ್ಮ.