ಹನ್ನೆರಡರ ಗಂಟೆ, ಖಾಲಿ ಮೊಳೆ

ನಂಜನಗೂಡಿನ ನಮ್ಮ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಎಡವಟ್ಟುಗಳೆಲ್ಲ ಮಧ್ಯಾಹ್ನ ಹನ್ನೆರಡಕ್ಕೇ ಆಗುತ್ತಿದ್ದವು. ಆಗ ಗಂಟೆ ಬಾರಿಸಿದರೆ ಯಾರು ಎಲ್ಲಿದ್ದರೂ ಅಲ್ಲೇ ನಿಂತು, ಕೈಮುಗಿದು, ಒಂದು ನಿಮಿಷ ಪ್ರಾರ್ಥಿಸಬೇಕು. ನಾನಲ್ಲಿ ಪಿ.ಟಿ. ಮೇಷ್ಟ್ರು. ರಿಟೈರಾದರೂ ಆ ಹೊತ್ತಿಗೆ ಈಗಲೂ ಕಾಲು ತಾನಾಗಿ ನಿಲ್ಲುತ್ತದೆ.

೧

ಬಿಳಿಗೆರೆ ಕಡೆಯ ರೈತರೊಬ್ಬರು ಮಗಳನ್ನು ಶಾಲೆಗೆ ಸೇರಿಸಲು ಬಂದಿದ್ದರು. ಫಾರಂ ಬರೆಯುತ್ತಿದ್ದ ಗುಮಾಸ್ತರು ಗಂಟೆ ಕೇಳಿದ್ದೇ ಎದ್ದು ತಲೆ ತಗ್ಗಿಸಿದರು. ನಾನೂ ನಿಂತೆ. ರೈತರು ಗಾಬರಿಯಾಗಿ ತಲೆಯ ಟವೆಲ್ ತೆಗೆದು ನಿಂತರು. ಪ್ರಾರ್ಥನೆ ಮುಗಿದ ಮೇಲೆ ಮೆಲ್ಲಗೆ ಕೇಳಿದರು: "ಯಾರು ಓಗ್ಬುಟ್ರು ಸಾ?"

"ಯಾರೂ ಇಲ್ಲ. ಇದು ದಿನಾ ಇರುತ್ತೆ," ಅಂದರು ಗುಮಾಸ್ತರು.

"ದಿನಾ ಒಬ್ರಾ?"

೨

ಹೆಡ್ ಮಾಸ್ಟರ್ ಫಾದರ್ ಮಂಗಳೂರು ಕಡೆಯವರು, ಕಬಡ್ಡಿ ಹುಚ್ಚಿನವರು. ಟೂರ್ನಮೆಂಟಿನ ಶೀಲ್ಡ್ ಬಂದೇ ಬರುತ್ತದೆಂದು, ಅದನ್ನು ನೇತುಹಾಕಲು ಆಫೀಸ್ ಗೋಡೆಗೆ ಮುಂಚೆಯೇ ಮೊಳೆ ಹೊಡೆಸಿದ್ದರು.

ಒಂದು ದಿನ ನಮ್ಮ ಕಬಡ್ಡಿ ಕ್ಯಾಪ್ಟನ್, ಕಳಲೆ ಊರಿನ ಹುಡುಗ, ಕ್ಲಾಸ್ ತಪ್ಪಿಸಿ ಓಡಿದ. ಫಾದರ್ ಬೆತ್ತ ಹಿಡಿದು ಅಟ್ಟಿಸಿಕೊಂಡು ಹೋದರು. ಅವನು ಕಾಂಪೌಂಡ್ ಗೋಡೆ ಹತ್ತಿದ್ದಷ್ಟೇ, ಗಂಟೆ ಹೊಡೆಯಿತು. ಮೇಲೆ ಅವನು, ಕೆಳಗೆ ಇವರು, ಇಬ್ಬರೂ ಕೈಮುಗಿದು ಕಣ್ಣು ಮುಚ್ಚಿದರು. ಫಾದರ್ ಕಣ್ಣು ಬಿಟ್ಟಾಗ ಹುಡುಗ ಅಲ್ಲೇ ಕೂತಿದ್ದ.

"ಯಾಕೆ ಓಡಿಹೋಗಲಿಲ್ಲ ನೀನು?"

"ಪ್ರಾರ್ಥನೆ ಮಧ್ಯೆ ಎಂಗೆ ಓಡದು ಫಾದರ್?"

ಫಾದರ್ ಬೆತ್ತ ಇಳಿಸಿ, ಅವನನ್ನೂ ಇಳಿಸಿಕೊಂಡರು.

೩

ಫಾದರಿಗೆ ವರ್ಗದ ಆರ್ಡರ್ ಬಂತು. ಮೊಳೆ ಖಾಲಿಯೇ ಇತ್ತು. ಅದೇ ವಾರ ನಮ್ಮ ಮೈದಾನದಲ್ಲಿ ಟಿ. ನರಸೀಪುರದ ತಂಡದ ಜೊತೆ ಶೀಲ್ಡಿನ ಫೈನಲ್. ಆಟದ ಮಧ್ಯೆ ಹನ್ನೆರಡಾಗುತ್ತದೆಂದು ಫಾದರ್ ಅಟೆಂಡರನ್ನು ಕರೆದು ಪಿಸುಗುಟ್ಟಿದರು: "ಇವತ್ತೊಂದು ದಿನ ನಾವು ಗೆದ್ದ ಮೇಲೆ ಗಂಟೆ ಹೊಡಿ ಮಾರಾಯ."

ಕೊನೇ ರೈಡ್, ಪಾಯಿಂಟ್ ಸಮ. ನಮ್ಮ ಕ್ಯಾಪ್ಟನ್ ಒಬ್ಬನನ್ನು ಮುಟ್ಟಿ ಗೆರೆ ಕಡೆ ಓಡಿಬಂದ. ಜನ ಹೋ ಎಂದರು. ಗೆದ್ದೇಬಿಟ್ಟೆವು ಅಂದುಕೊಂಡು ಅಟೆಂಡರ್ ಗಂಟೆ ಬಾರಿಸಿಬಿಟ್ಟ! ಗೆರೆಗೆ ಒಂದೇ ಹೆಜ್ಜೆ ಉಳಿದಿತ್ತು. ಹುಡುಗ ನಿಂತು ಕೈಮುಗಿದ. ನರಸೀಪುರದವರು ಏಳೂ ಜನ ಅವನ ಮೇಲೆ ಬಿದ್ದರು.

ಕಣ್ಣು ಮುಚ್ಚಿ ನಿಂತಿದ್ದ ಫಾದರ್ ಕಣ್ಣು ಬಿಟ್ಟು, "ಗೆದ್ದೆವಾ?" ಅಂದರು.

ಕ್ಯಾಪ್ಟನ್ ಮಣ್ಣು ಕೊಡವುತ್ತಾ ಅಳುತ್ತಿದ್ದ. "ಪ್ರಾರ್ಥನೆ ಮಧ್ಯೆ ಎಂಗೆ ಓಡದು ಫಾದರ್?"

ನನಗೂ ಅಳು ಬಂತು. ಸರಿಯಾಗಿ ಹನ್ನೆರಡಕ್ಕೇ ಹೊಡೆದಿದ್ದರೆ ಆ ಗಂಟೆ ಅರ್ಧ ಆಟದ ಇಂಟರ್ವಲ್‌ನಲ್ಲೇ ಮುಗಿದುಹೋಗುತ್ತಿತ್ತು. ಫಾದರಿಗೂ ಅದು ಹೊಳೆದಿರಬೇಕು, ಹುಡುಗನ ತಲೆ ಸವರಿದರು.

ಹೊರಡುವ ದಿನ ಆ ಮೊಳೆಗೆ ಬೆತ್ತ ನೇತುಹಾಕಿ ನನಗೆ ಹೇಳಿದರು: "ಈ ಸಲ ಏಟು ತಿನ್ನಬೇಕಾದವ ನಾನು. ಏನು ಮಾಡುವುದು, ನನ್ನ ಬೆನ್ನಿಗೆ ನನ್ನ ಕೈ ಎಟುಕುವುದಿಲ್ಲ ಮಾರಾಯ!"