ಬಾರದ ರೋಗದ ಬೆನ್ನು ಹತ್ತಿದ ಕಂಡಕ್ಟರ್

"ಎಚ್‌ಐವಿ ಪರೀಕ್ಷೆ ಮಾಡುವ ಕೋಣೆಯಲ್ಲಿ ನಗೋದಕ್ಕೆ ಏನಿರುತ್ತದೆ?" ಅಂತ ನಮ್ಮ ಅಕ್ಕ ಆಗಾಗ ಕೇಳುತ್ತಾಳೆ. ಆಪ್ತ ಸಮಾಲೋಚಕಿ ಅಂತ ಬಾಗಿಲಿಗೆ ಬೋರ್ಡು ಹಾಕಿಕೊಂಡು ಕೂತಾಗಿನಿಂದ ನಾನು ಕಂಡದ್ದಿಷ್ಟು: ಮನುಷ್ಯ ಅಂಜಿದಾಗ ಮಾಡುವಷ್ಟು ತಮಾಷೆಯನ್ನು ಕುಡಿದಾಗಲೂ ಮಾಡುವುದಿಲ್ಲ. ರೋಗ ಇದೆ ಅಂತ ಗೊತ್ತಾದವರು ಅಳುವಷ್ಟು ಅತ್ತು, ಆಮೇಲೆ ಗುಳಿಗೆ ಹಿಡಿದು ಬದುಕಿಗೆ ಮರಳುತ್ತಾರೆ. ಇಲ್ಲ ಅಂತ ಗೊತ್ತಾದ ಕೆಲವರದೇ ಮುಗಿಯದ ಗೋಳು. ಅಂಥವರಲ್ಲಿ ಒಬ್ಬ ಬಸ್ ಕಂಡಕ್ಟರ್‌ನ ಪ್ರಸಂಗಗಳಿವು. ಹೆಸರು ಹೇಳುವುದಿಲ್ಲ, ಅವನ ರೂಟನ್ನೂ ಚೂರು ಬದಲಿಸಿದ್ದೇನೆ. ಉಳಿದದ್ದನ್ನು ಹೇಳಲು ಅವನೇ ಒಪ್ಪಿದ್ದಾನೆ. "ನನ್ನಂಥ ಹುಚ್ಚರು ಇನ್ನೂ ಭಾಳ ಮಂದಿ ಅದಾರ್ರಿ ಮೇಡಂ, ಹೇಳ್ರಿ" ಅಂದ.

೧. ದೋಸ್ತನ ರಕ್ತ

ನಮ್ಮಲ್ಲಿಗೆ ಬರುವ ಗಂಡಸರಲ್ಲಿ ಅರ್ಧ ಮಂದಿ ಗೆಳೆಯನ ಸಲುವಾಗಿ ಬಂದವರು. ರಾಯಚೂರಿನಲ್ಲಿ ಗೆಳೆತನಕ್ಕೆ ಇಷ್ಟು ಬೆಲೆ ಇದೆ ಅಂತ ಈ ಕೆಲಸಕ್ಕೆ ಬಂದ ಮೇಲೆಯೇ ನನಗೆ ಗೊತ್ತಾದದ್ದು.

ಇವನೂ ಹಾಗೇ ಬಂದ. "ನಮ್ಮ ದೋಸ್ತ ಒಬ್ಬಾವ ಅದಾನ್ರಿ" ಅಂತ ಶುರು ಮಾಡಿದ. ಆ ದೋಸ್ತ ಪರಿಚಯದ ಹೆಣ್ಣುಮಗಳೊಬ್ಬಳ ಜೊತೆ ಲಾಡ್ಜಿನಲ್ಲಿ ಒಂದೇ ಒಂದು ಸಲ ಇದ್ದನಂತೆ. ಇಬ್ಬರಿಗೂ ಒಪ್ಪಿಗೆ ಇತ್ತು, ಕಾಂಡೋಮೂ ಇತ್ತು. ಅದಾದ ಸ್ವಲ್ಪ ದಿನಕ್ಕೆ ದೋಸ್ತನಿಗೆ ಬಾಗಲವಾಡದ ಹುಡುಗಿಯ ಜೊತೆ ಮದುವೆ ನಿಶ್ಚಯವಾಯಿತು. ಅವತ್ತಿನಿಂದ ಅವನಿಗೆ ಅನ್ನ ಸೇರುತ್ತಿಲ್ಲ.

"ಕಾಂಡೋಮ್ ಹರದಿತ್ತೇನು ತಮ್ಮಾ?" ಅಂದೆ.

"ಇಲ್ರಿ, ನೆಟ್ಟಗ ಇತ್ರಿ."

"ಹಂಗಾದ್ರ ಅಂಜೂವಂಥಾದ್ದು ಭಾಳ ಕಡಿಮಿ. ಆದ್ರೂ ಸಮಾಧಾನ ಆಗಲಿ. ಆತನ್ನ ಕರಕೊಂಡು ಬಾ, ಟೆಸ್ಟ್ ಮಾಡೋಣು."

ಅವನು ಅಂಗಿಯ ತೋಳು ಮೇಲೇರಿಸಿದ. "ಆವ ಬರಾಂಗಿಲ್ರಿ, ಭಾಳ ಅಂಜುಬುರುಕ ಅದಾನ. ಸದ್ಯಕ್ಕ ನಂದ ತಗೋರಿ."

ತೆಗೆದುಕೊಂಡೆವು. ಏನೂ ಇರಲಿಲ್ಲ. ಪದ್ಧತಿಯ ಪ್ರಕಾರ ಮೂರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಕರೆದು ನೋಡಿದೆವು. ಆಗಲೂ ಏನೂ ಇರಲಿಲ್ಲ. "ಇದು ಕಡೀ ಮಾತು. ನಿನ್ನ ದೋಸ್ತಗ ಹೇಳು, ಆರಾಮ ಮದುವಿ ಮಾಡಿಕೊಳ್ಳಲಿ" ಅಂದೆ.

"ಹೇಳೀನ್ರಿ ಮೇಡಂ. ಆವ ನಂಬವಲ್ಲ" ಅಂದ.

೨. ನಡೂಕ ಜಾಗ ಅದ

ನಾನು ಹೇಳಿದ್ದನ್ನು ನಂಬದವನು ಬೇರೆ ಊರಿನಲ್ಲಿ ಕೇಳಿ ನೋಡೋಣ ಅಂತ ದೇವದುರ್ಗಕ್ಕೆ ಹೋದ. ಅಲ್ಲಿನ ಸಮಾಲೋಚಕಿ ಹೆರಿಗೆ ರಜೆಯ ಮೇಲಿದ್ದಳು. ಅವಳ ಬದಲಿಗೆ ವಾರಕ್ಕೆರಡು ದಿನ ನಾನೇ ಹೋಗಿ ಕೂಡುತ್ತಿದ್ದೆ. ಅದು ಇವನಿಗೇನು ಗೊತ್ತು.

ಅವತ್ತು ಬಸುರಿಯರ ತಪಾಸಣೆ ಇತ್ತು. ಆಸ್ಪತ್ರೆಯ ಪಡಸಾಲೆಯ ತುಂಬ ಬಸುರಿಯರು, ಅವರ ಅತ್ತೆಯರು, ಕಂಕುಳ ಕೂಸುಗಳು. ಇವನು ಮುಖಕ್ಕೆ ಟವೆಲ್ ಸುತ್ತಿ ಬರೇ ಕಣ್ಣು ಬಿಟ್ಟುಕೊಂಡು ಬಂದಿದ್ದ. ನಮ್ಮ ಕಡೆಯ ಬಿಸಿಲಿಗೆ ಎಲ್ಲರೂ ಸುತ್ತಿಕೊಳ್ಳುವವರೇ, ಹಾಗಾಗಿ ಯಾರೂ ತಿರುಗಿ ನೋಡಲಿಲ್ಲ. ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಒಳಗೆ ಬರಲು ದಾರಿ ಇರಲಿಲ್ಲ. ಅಷ್ಟು ಮಂದಿಯನ್ನು ನೋಡಿದ್ದೇ ತಡ, ಅವನ ಬಾಯಿ ತನ್ನಷ್ಟಕ್ಕೆ ತಾನೇ ಡ್ಯೂಟಿ ಶುರು ಮಾಡಿತು: "ಮುಂದಕ್ಕ ಸರೀರಿ, ಮುಂದಕ್ಕ ಸರೀರಿ, ನಡೂಕ ಜಾಗ ಅದ."

ಮಂದಿಯೆಲ್ಲ ಮಾತಾಡದೆ ಮುಂದಕ್ಕೆ ಸರಿದರು. ಆಮೇಲೆ ಒಬ್ಬ ಮುದುಕಿ ದನಿ ಗುರುತು ಹಿಡಿದು ಕೇಳಿದಳು: "ಯಪ್ಪಾ ಕಂಡಕ್ಟರ್, ನೀ ಇಲ್ಲಿ ಯಾಕ ಬಂದಿ? ಗಬ್ಬೂರ ಗಾಡಿ ಹೋತೇನು?"

ಒಳಗೆ ಬಂದವನು ಟವೆಲ್ ತೆಗೆದು ನನ್ನನ್ನು ನೋಡಿ ಹಾಗೇ ನಿಂತುಬಿಟ್ಟ. "ಮೇಡಂ, ನೀವು ರಾಯಚೂರಾಗ ಇದ್ರೆಲ್ರೀ?" ಅಂದ. "ನೀನೂ ಅಲ್ಲೇ ಇದ್ದೆಲ್ಲೋ" ಅಂದೆ. ಮತ್ತೆ ಪರೀಕ್ಷೆಯ ಅಗತ್ಯ ಇಲ್ಲ ಅಂತ ಬುದ್ಧಿ ಹೇಳಿ ಕಳಿಸಿದೆ. ಅವನು ಹೊರಗೆ ಹೋಗುತ್ತಲೇ ಅರ್ಧ ಸಾಲು ಖಾಲಿಯಾಯಿತು. ಕಂಡಕ್ಟರ್ ಹೊರಟ ಮೇಲೆ ಗಾಡಿಯೂ ಹೊರಟಿರಬೇಕು ಅಂತ ಅವರೆಲ್ಲ ತಪಾಸಣೆ ಬಿಟ್ಟು ಅವನ ಬೆನ್ನು ಹತ್ತಿದ್ದರು.

೩. ರಕ್ತ ಕೊಟ್ಟ ಅಳಿಯ

ದೇವದುರ್ಗದಲ್ಲಿ ಗುರುತು ಸಿಕ್ಕ ಮೇಲೆ ಮಾನ್ವಿಯ ಆಸ್ಪತ್ರೆಯೇ ವಾಸಿ ಅಂತ ಅನ್ನಿಸಿತು ಅವನಿಗೆ. ಆ ರೂಟಿನಲ್ಲಿ ಅವನು ಒಂದು ದಿನವೂ ಟಿಕೆಟ್ ಹರಿದವನಲ್ಲ. ಬಾಗಲವಾಡ ಮಾನ್ವಿ ತಾಲೂಕಿಗೇ ಸೇರಿದ್ದು, ಅಲ್ಲಿನವರಿಗೂ ಕಾಯಿಲೆ ಕಸಾಲೆ ಇರುತ್ತವೆ ಅನ್ನುವುದು ಮಾತ್ರ ಮರೆತುಹೋಗಿತ್ತು.

ರಕ್ತ ಕೊಟ್ಟು, ಮೊಣಕೈಗೆ ಹತ್ತಿ ಒತ್ತಿಕೊಂಡು ಹೊರಗೆ ಬಂದರೆ ಎದುರಿಗೇ ಭಾವೀ ಅತ್ತೆ. ಸಕ್ಕರೆ ಕಾಯಿಲೆ ತೋರಿಸಲು ಬಂದು ಬೆಂಚಿನ ಮೇಲೆ ಕೂತಿದ್ದಾಳೆ.

"ಅಳಿಯಂದಿರ, ಇದೇನ್ರಿ, ಏನಾಗ್ಯದ ನಿಮಗ?"

"ಏನಿಲ್ರಿ ಅತ್ತಿ, ರಕ್ತ ಕೊಡಾಕ ಬಂದಿದ್ದೆ" ಅಂದ.

ಸುಳ್ಳೇನೂ ಹೇಳಿರಲಿಲ್ಲ. ಆದರೆ ಆಯಮ್ಮ ಅದನ್ನು ರಕ್ತದಾನ ಅಂತಲೇ ತಿಳಿದು, ಹೊತ್ತು ಮುಳುಗುವುದರೊಳಗೆ ಊರ ತುಂಬ ಹೇಳಿಕೊಂಡು ಬಂದಳು. ಊರಿನ ಹುಡುಗರ ಸಂಘದವರಿಗೆ ಹುರುಪು ಬಂದು, ಒಂದು ರಕ್ತದಾನ ಶಿಬಿರವನ್ನೇ ಗೊತ್ತು ಮಾಡಿದರು. ಮೊದಲು ಮಲಗಬೇಕಾದವನು ಬಾಗಲವಾಡದ ಅಳಿಯ.

ಇವನು ರಾಯಚೂರಿಗೆ ನನ್ನ ಹತ್ತಿರ ಓಡಿ ಬಂದ. "ನನ್ನ ರಕ್ತ ಮತ್ತೊಬ್ಬರ ಮೈಯಾಗ ಹೋದ್ರ ಅವರ ಪಾಪ ತಟ್ಟತದ್ರಿ."

"ಮಾನ್ವ್ಯಾಗ ಏನಂದ್ರು?"

"ಏನೂ ಇಲ್ಲ ಅಂದ್ರಿ."

"ಮತ್ತ? ಇಡೀ ಬಾಗಲವಾಡದಾಗ ನಿನ್ನಷ್ಟು ತಪಾಸ ಆದ ರಕ್ತ ಯಾರದೂ ಇಲ್ಲ."

ಅವನು ನಂಬಲಿಲ್ಲ. ಡ್ಯೂಟಿ ಇದೆ ಅಂತ ಹೇಳಿ ಶಿಬಿರ ತಪ್ಪಿಸಿಕೊಂಡ. ಊಟ ನಿದ್ದೆ ಬಿಟ್ಟು ಅವನು ಕಡ್ಡಿಯಾಗಿದ್ದು ಊರಿನವರ ಕಣ್ಣಿಗೂ ಬಿದ್ದಿತ್ತು. ಅಳಿಯ ಯಾಕೆ ಬರಲಿಲ್ಲ ಅಂತ ಕೇಳಿದವರಿಗೆಲ್ಲ ಅತ್ತೆ ಹೇಳಿದಳಂತೆ: "ಕೊಟ್ಟು ಕೊಟ್ಟು ಆತನ ಮೈಯಾಗ ರಕ್ತನ ಉಳದಿಲ್ಲ. ನೀವು ಕೊಡ್ರಿ ಮೊದಲ."

೪. ಬೆಂಚಿನ ಮೇಲಿನ ಅಕ್ಕ

ಮುಂದಿನ ಸಲ ಬಂದಾಗ ಮೊಬೈಲಿನಲ್ಲಿ ಓದಿದ ಲಕ್ಷಣಗಳನ್ನೆಲ್ಲ ಹೊತ್ತು ತಂದಿದ್ದ. "ರಾತ್ರಿ ಮೈ ಬೆವರ್ತದ್ರಿ" ಅಂದ. "ಏಪ್ರಿಲ್ ತಿಂಗಳಾಗ ರಾಯಚೂರಾಗ ಯಾರಿಗಾರ ಬೆವರು ಬರಲಿಲ್ಲಂದ್ರ ಅವರನ್ನ ಅಡ್ಮಿಟ್ ಮಾಡ್ತೀವಿ ನಾವು" ಅಂದೆ. ಅವನು ನಗಲಿಲ್ಲ. "ಮದುವಿ ಬ್ಯಾಡ ಅಂತ ನಾಳಿಗೆ ಹಿರಿಯಾರ ಮುಂದ ಹೇಳಿಬಿಡ್ತೀನ್ರಿ" ಅಂದ.

ನನ್ನ ನಗುವೂ ನಿಂತಿತು. ಇಷ್ಟು ಸಲ ಇಲ್ಲ ಅಂತ ಬಂದರೂ ಯಾಕೆ ನಂಬುವುದಿಲ್ಲ ಅಂತ ಕೇಳಿದೆ. ಅವನು ತಲೆ ತಗ್ಗಿಸಿ ಹೇಳಿದ: "ತಪ್ಪು ಮಾಡೀನ್ರಿ ಮೇಡಂ. ಸುಮ್ಮನ ಹೆಂಗ ಬಿಡ್ತದ್ರಿ?"

ಅವನು ರೋಗಕ್ಕೆ ಅಂಜಿದವನಲ್ಲ ಅಂತ ಆಗ ನನಗೆ ತಿಳಿಯಿತು. ಅವನಿಗೆ ಶಿಕ್ಷೆ ಬೇಕಾಗಿತ್ತು. ಒಂದು ಆಸ್ಪತ್ರೆ ಕೊಡಲಿಲ್ಲ ಅಂತ ಇನ್ನೊಂದಕ್ಕೆ ಕೇಳಿಕೊಂಡು ಹೋಗುತ್ತಿದ್ದ. ಪಾಪ ಅನ್ನಿಸಿತು, ಸಿಟ್ಟೂ ಬಂತು. ರೋಗ ಶಿಕ್ಷೆಯಾದರೆ ನಮ್ಮಲ್ಲಿ ಗುಳಿಗೆಗೆ ಬರುವ ಎಳೆ ಕೂಸುಗಳು ಯಾವ ತಪ್ಪು ಮಾಡಿದ್ದಾವೆ?

ನಾನು ಅದನ್ನು ಹೇಳುವ ಮೊದಲೇ ಅವನು ಜೋರಾಗಿ ಅತ್ತುಬಿಟ್ಟ. "ನನ್ನ ಬಾಳೇ ಮುಗೀತ್ರಿ" ಅಂದ. ಬಾಗಿಲು ಅರ್ಧ ತೆರೆದಿತ್ತು. ಗುಳಿಗೆ ತಗೊಂಡು ಹೋಗಲು ಬಂದ ಒಬ್ಬ ಹೆಣ್ಣುಮಗಳು ಹೊರಗೆ ಬೆಂಚಿನ ಮೇಲಿದ್ದಳು. ಎದ್ದು ಬಂದು ಬಾಗಿಲಲ್ಲಿ ನಿಂತಳು.

"ತಮ್ಮಾ, ಆ ರೋಗ ಇರೋದು ನನಗ. ದಿನಾ ಗುಳಿಗಿ ನುಂಗ್ತೀನಿ, ಹತ್ತಿ ಬಿಡಸ್ತೀನಿ, ಮಗಳನ್ನ ಕಾಲೇಜಿಗೆ ಹಚ್ಚೀನಿ. ನನ್ನ ಬಾಳ ಮುಗದಿಲ್ಲ, ನಿಂದು ಹೆಂಗ ಮುಗೀತು? ಮಾರಿ ತೊಳಕೋ, ಏಳು. ನಿನ್ನ ಗಾಡಿಗೇ ಬಂದೀನಿ, ತಿರುಗಿ ಅದಕ್ಕ ಹೋಗಬೇಕು ನಾನು."

ಅವನು ಎದ್ದು ಮುಖ ತೊಳೆದುಕೊಂಡ. ಹೊರಡುವ ಮುಂಚೆ ನಾನು ಎರಡು ಮಾತು ಹೇಳಿದೆ. ನಮ್ಮ ಮನೋವೈದ್ಯರನ್ನು ಕಂಡು ಬಾ, ಮತ್ತು ಹೇಳುವುದಿದ್ದರೆ ಹಿರಿಯರಿಗಲ್ಲ, ಆ ಹುಡುಗಿಗೆ ಹೇಳು. "ಮನಸಿನ ಡಾಕ್ಟರಾ? ನನಗ ಹುಚ್ಚು ಹಿಡದದೇನ್ರಿ?" ಅಂದ.

"ಇಲ್ಲಪ್ಪ, ಹುಚ್ಚು ಹಿಡದವರು ಇಷ್ಟು ಆಸ್ಪತ್ರಿ ತಿರಗಂಗಿಲ್ಲ" ಅಂದಳು ಆ ಅಕ್ಕ.

೫. ಉತ್ತರ

ಮನೋವೈದ್ಯರ ಹತ್ತಿರ ಹೋಗಿಬರತೊಡಗಿದ ಮೇಲೆ ಅವನಿಗೆ ಊಟ ಸೇರತೊಡಗಿತು. ಧೈರ್ಯ ಮಾಡಿ ಹುಡುಗಿಗೂ ಹೇಳಿದ. ಅವಳು ಯರಗೇರಾದಲ್ಲಿ ಎಂ.ಎ. ಓದುತ್ತಿದ್ದಳು. ಎಲ್ಲ ಕೇಳಿದವಳು ಎದ್ದುಹೋದಳು. ಒಂದು ವಾರ ಫೋನೂ ಎತ್ತಲಿಲ್ಲ. ಆಮೇಲೆ ತಾನೇ ಫೋನ್ ಮಾಡಿ, "ಆ ಮೇಡಂ ಹತ್ರ ಕರಕೊಂಡು ಹೋಗ್ರಿ. ಮದುವಿ ಆಗ್ತೀನೋ ಇಲ್ಲೋ ಅಲ್ಲೇ ಹೇಳ್ತೀನಿ" ಅಂದಳಂತೆ.

ಇಬ್ಬರೂ ಬಂದು ಕೂತರು. ಅವನ ವಿಷಯ ನಾನು ಬಿಡಿಸಿ ಹೇಳಬೇಕಾಗಬಹುದು ಅಂತ ತಯಾರಾಗಿದ್ದೆ. ಅವಳು ಅದನ್ನು ಕೇಳಲೇ ಇಲ್ಲ. "ನಂದೂ ಒಂದು ಟೆಸ್ಟ್ ಮಾಡ್ರಿ ಮೇಡಂ" ಅಂದಳು.

ಕಂಡಕ್ಟರ್ ಗಾಬರಿಯಾದ. "ನಿಂಗ್ಯಾಕ?"

"ನಿಮಗ್ಯಾಕ ಬೇಕಾಗಿತ್ತೋ ನಂಗೂ ಅದಕ್ಕ" ಅಂತ ಹೇಳಿ ಅವಳು ರಕ್ತ ತೆಗೆಯುವ ಕೋಣೆಗೆ ಹೋದಳು.

ಅರ್ಧ ತಾಸು ಅವನು ಹೊರಗೆ ಪಟ್ಟ ಪಾಡನ್ನು ನಾನು ಕಣ್ಣಾರೆ ಕಂಡೆ. ತನ್ನ ರಿಪೋರ್ಟಿಗೂ ಅವನು ಅಷ್ಟು ಅಂಜಿರಲಿಲ್ಲ. ರಿಪೋರ್ಟ್ ಬಂತು. ಅವಳನ್ನು ಒಬ್ಬಳನ್ನೇ ಕರೆದು ಹೇಳಿ ಕಳಿಸಿದೆ. ಅವನು ಬಂದು ನನ್ನ ಮೇಜು ಹಿಡಿದ.

"ಏನು ಬಂತ್ರಿ ಮೇಡಂ?"

"ಅದು ಆಕಿಗಷ್ಟ ಹೇಳೂದು. ನಿನ್ನ ರಿಪೋರ್ಟ್ ನಾ ಯಾರಿಗಾರ ಹೇಳೀನೇನು?"

ಅವನು ಬಾಗಿಲಲ್ಲಿ ನಿಂತಿದ್ದ ಅವಳ ಕಡೆ ತಿರುಗಿದ. ಅವಳ ಕಣ್ಣು ತುಂಬಿದ್ದವು, ದನಿ ಮಾತ್ರ ಗಟ್ಟಿ ಇತ್ತು. "ನಾ ಯಾರ ಕೂಡಾನೂ ಹೋದಾಕಿ ಅಲ್ಲ. ನಿಮ್ಮ ಮಾತು ಕೇಳಿ ಒಂದು ವಾರ ಹೆಂಗ ಕುಂತಿದ್ದೆ ಅಂತ ನಿಮಗ ತಿಳೀಲಿ ಅಂತ ಮಾಡಿಸೀನಿ. ಒಂದು ವಾರ ನಾನು, ಅರ್ಧ ತಾಸು ನೀವು."

ಅಷ್ಟು ತಿಂಗಳು ಊರೂರು ತಿರುಗಿ ಹುಡುಕಿದ ಶಿಕ್ಷೆ ಅವನಿಗೆ ಕೊನೆಗೂ ಸಿಕ್ಕಿತ್ತು, ಅದೂ ಕೊಡಬೇಕಾದವಳ ಕೈಯಿಂದಲೇ. ಅವನು ಮೆಲ್ಲಗೆ ಕೇಳಿದ: "ಆದ್ರೂ ರಿಪೋರ್ಟ್ ಏನು ಬಂತು, ಅದೊಂದು ಹೇಳು."

"ಅದನ್ನ ಮದುವಿ ಆದಮ್ಯಾಲೆ ಹೇಳ್ತೀನಿ" ಅಂತ ಹೇಳಿ ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಅವನು ಕೂತಲ್ಲೇ ಕೂತು ಪೆಚ್ಚುಮುಖ ಹಾಕಿಕೊಂಡ. "ನೋಡ್ರಿ ಮೇಡಂ, ಹೇಳದ ಹಂಗ ಹೋದ್ಲು."

"ಹೇಳಿಯೇ ಹೋದ್ಲಲ್ಲೋ ಮಾರಾಯ, ಮದುವಿ ಅದ ಅಂತ" ಅಂದೆ. "ಓಡು."